ಖಾಲಿ ಸೂಜಿ ಬರೆದ ಗೆರೆ

"ಅಪ್ಪಾ, ಯಂತ್ರ ಓಡ್ತಿರೋವಾಗ ಕೆಟಲ್ ಹಾಕ್ಬೇಡ ಅಂತ ಎಷ್ಟ್ ಸಲ ಬಡ್ಕೊಳ್ಳಲಿ?"

ಅಷ್ಟರಲ್ಲಿ ಶೆಡ್ಡಿನ ಫ್ಯೂಸ್ ಹೋಗಿತ್ತು. ಯಂತ್ರದ ಒಲೆ ತಣ್ಣಗಾಯಿತು, ಪರದೆ ಕಪ್ಪಾಯಿತು, ಬೆಳಗಿನಿಂದ ಮಾಡಿದ್ದೆಲ್ಲ ನೀರಿನಲ್ಲಿಟ್ಟ ಹೋಮವಾಯಿತು.

"ನಿನ್ ಗುಜರಿಗೋಸ್ಕರ ನಾನು ಚಾ ಬಿಡ್ಬೇಕಾ, ಬ್ರಾನ್?" ಎಂದು ನನ್ನಪ್ಪ ಮೆರ್ವ್ ಚಾದ ಲೋಟ ಹಿಡಿದುಕೊಂಡೇ ಗೊಣಗಿದ.

ನಮ್ಮೂರು ಬಂಗವಾಲ್ಬಿನ್ ಸುತ್ತ ಟೀ ಟ್ರೀ ಅನ್ನುವ ಔಷಧಿ ಮರದ ಸೊಪ್ಪು ಬೇಯಿಸಿ ಎಣ್ಣೆ ಇಳಿಸುವವರು ಬಹಳ. ಅವರಲ್ಲಿ ನಮ್ಮದೂ ಒಂದು ಮನೆ. ಕೊಳ್ಳುವ ಕಂಪನಿಯವರು ನಾವು ಕಳಿಸಿದ ಮಾದರಿ ನೋಡಿ ಎರಡು ಸಲ ಬೇಡವೆಂದರು. ಇದರಲ್ಲಿ ನೀಲಗಿರಿ ಎಣ್ಣೆ ಬೆರೆಸಿದ್ದೀರಿ ಅಂತ. ಬೆರಕೆಯಂತೆ! ಕೇಳಿ ಮೈಯೆಲ್ಲ ಉರಿದುಹೋಯಿತು. ಇನ್ನೊಂದು ಸಲ ಹಾಗಾದರೆ ನಮ್ಮ ಸಹವಾಸವೇ ಬೇಡ ಎನ್ನುತ್ತಾರೆ. ಗುರುವಾರ ಅವರ ಮನುಷ್ಯ ಬರುವವನಿದ್ದ. ಅವನ ಮುಖಕ್ಕೆ ಹಿಡಿಯಲು ಪುರಾವೆ ಬೇಕಿತ್ತು. ಅದಕ್ಕೇ ಮುಚ್ಚಿಹೋದ ಕಾಲೇಜೊಂದರ ಲ್ಯಾಬಿನಿಂದ ಈ ಹಳೇ ಗ್ಯಾಸ್ ಕ್ರೊಮಟೋಗ್ರಾಫನ್ನು ಹೇರಿಕೊಂಡು ಬಂದೆ. ಒಂದು ಹನಿ ಎಣ್ಣೆ ಚುಚ್ಚಿದರೆ ಅದು ಕಾಯಿಸಿ, ಬಿಡಿಸಿ, ಒಳಗೇನಿದೆಯೋ ಒಂದೊಂದಕ್ಕೂ ಒಂದೊಂದು ಗುಡ್ಡದ ಗೆರೆ ಬರೆಯಬೇಕು.

ಬರೆಯುವ ಮನಸ್ಸು ಮಾತ್ರ ಅದಕ್ಕಿರಲಿಲ್ಲ. ಮೊದಲು ಎಣ್ಣೆಯ ಆವಿಯನ್ನು ಸಾಗಿಸುವ ಹೀಲಿಯಂ ಅನಿಲ ಸೋರಿತು. ಕೊಳವೆಯ ಕೀಲುಕೀಲಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿದೆ. ಒಲೆಯೊಳಗೆ ಹಲ್ಲಿಯೊಂದು ಸಂಸಾರ ಹೂಡಿತ್ತು. ಆಮೇಲೆ ಕಂಪ್ಯೂಟರ್ ಫ್ಲಾಪಿ ಕೇಳಿತು. ಈ ಕಾಲದಲ್ಲಿ ಫ್ಲಾಪಿ! ಊರೆಲ್ಲ ಅಲೆದು ಲೈಬ್ರರಿಯಮ್ಮನ ಕೈಕಾಲು ಹಿಡಿದು ತಂದೆ.

ಅಂತೂ ಫ್ಯೂಸ್ ಹಾಕಿ ಮತ್ತೆ ಕಾಯಿಸಿದೆ. ನಮ್ಮ ಎಣ್ಣೆ ಚುಚ್ಚಿದೆ. ಗೆರೆಯಲ್ಲಿ ನೀಲಗಿರಿ ಬರುವ ಜಾಗದಲ್ಲಿ ದೊಡ್ಡ ಗುಡ್ಡ ಎದ್ದಿತು. ಸೊಪ್ಪು ಕೊಯ್ದವಳು ನಾನು, ಬೇಯಿಸಿದವಳು ನಾನು, ಬೆರಕೆ ಎಲ್ಲಿಂದ ಬರಬೇಕು? ಇನ್ನೊಂದು ಸಲ ಚುಚ್ಚಿದೆ, ಅದೇ. ಕೊನೆಗೆ ಎಣ್ಣೆಯೇ ಇಲ್ಲದೆ ಖಾಲಿ ಸೂಜಿ ಚುಚ್ಚಿದೆ. ಆಗಲೂ ಗುಡ್ಡ ಎದ್ದಿತು!

ಮೇಜಿಗೆ ಒದ್ದೆ. ನೋವಾದದ್ದು ನನ್ನ ಹೆಬ್ಬೆರಳಿಗೇ.

"ಏನೂ ಹಾಕ್ದೇ ಇದ್ರೂ ನೀಲಗಿರಿ ಅಂತಿದೆ, ದರಿದ್ರದ್ದು!"

"ಅದನ್ಯಾಕೆ ಬೈತೀಯ? ದಿನಾ ಬೆಳಿಗ್ಗೆ ಒರೆಸಿಡ್ತೀನಿ, ಹೇಗೆ ಹೊಳೀತಿದೆ ನೋಡು."

"ಯಾವುದ್ರಲ್ಲಿ ಒರೆಸ್ತೀಯ?"

"ನೀಲಗಿರಿ ಎಣ್ಣೇಲಿ, ಇನ್ಯಾವುದ್ರಲ್ಲಿ? ಮೈತುಂಬಾ 'ಬಿಸಾಡಲು' ಅಂತ ಸ್ಟಿಕ್ಕರು. ಆ ಗೋಂದು ಬೇರೆ ಯಾವುದಕ್ಕೂ ಬಿಡಲ್ಲ ಕಣೇ. ಸೂಜಿ ಗೀಜಿ ಎಲ್ಲಾ ಒರೆಸ್ದೆ."

ಇಲ್ಲಿ ಪ್ರತಿ ಮನೆಯ ಸಿಂಕಿನ ಕೆಳಗೂ ಆ ಎಣ್ಣೆಯ ಸೀಸೆ ಇರುತ್ತದೆ, ಅಂಟು ಬಿಡಿಸುವುದಕ್ಕೆಂದೇ. ಕಿರುಚಲು ಬಾಯಿ ತೆರೆದೆ. ಅಷ್ಟರಲ್ಲಿ ಕಣ್ಣು ಗೂಡಿನ ಕಡೆ ಹೋಯಿತು. ಮಾದರಿ ತುಂಬಿ ಕಳಿಸುವ ಹಳೇ ಜಾಮ್ ಸೀಸೆಗಳು ಸಾಲಾಗಿ ಕೂತಿದ್ದವು. ಒಂದರ ಮೇಲೂ ಲೇಬಲ್ಲಿನ ಗುರುತಿಲ್ಲ.

"ಅಪ್ಪಾ, ಆ ಸೀಸೆಗಳು?"

"ಅವೂನೂ. ಒಳಗೂ ಒಂದ್ ಸುತ್ತು ಬಟ್ಟೆ ಆಡಿಸ್ತೀನಿ. ಕೊಳ್ಳೋರಿಗೆ ಅಂಟು ಸೀಸೆ ಕಳ್ಸಿದ್ರೆ ಮರ್ಯಾದೆ ಇರುತ್ತಾ?"

ಎಲ್ಲವನ್ನೂ ಸ್ಪಿರಿಟ್ಟಿನಲ್ಲಿ ತೊಳೆದು, ಹೊಸ ಸೂಜಿಯಲ್ಲಿ ನೇರ ಡ್ರಮ್ಮಿನಿಂದಲೇ ಎಣ್ಣೆ ಎಳೆದು ಚುಚ್ಚಿದೆ. ನೀಲಗಿರಿಯ ಜಾಗದಲ್ಲಿ ಟೀ ಟ್ರೀ ಎಣ್ಣೆಯಲ್ಲಿ ಸಹಜವಾಗಿ ಇರಬೇಕಾದಷ್ಟೇ ಸಣ್ಣ ದಿಬ್ಬ. ಕುಣಿಯಬೇಕಿತ್ತು, ಅಳು ಬಂತು. ಅಪ್ಪ ಪರದೆಯನ್ನು ನೋಡಿದ, ಸೀಸೆಗಳನ್ನು ನೋಡಿದ, ಬಟ್ಟೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ಬೆರಕೆ ಎಲ್ಲಿಂದ ಬಂತೆಂದು ಅವನಿಗೂ ಅರ್ಥವಾಗಿತ್ತು.

ಗುರುವಾರ ಬಂದ ಮನುಷ್ಯ ತಾನು ತಂದ ಹೊಸ ಸೀಸೆಗೆ ಡ್ರಮ್ಮಿನಿಂದ ಎಣ್ಣೆ ತುಂಬಿಸಿಕೊಂಡ. ನನ್ನ ಗೆರೆಯನ್ನು ನೋಡಿ ತಲೆದೂಗಿ ಕೈ ಚಾಚಿದ. "ಹಾಗಾದ್ರೆ ಹಿಂದೆ ಎರಡ್ ಸಲ ಏನಾಗಿತ್ತು?"

ನಾನು ಬಾಯಿ ತೆರೆಯುವುದರೊಳಗೆ ಬಾಗಿಲಲ್ಲಿದ್ದ ಅಪ್ಪ ಮುಂದೆ ಬಂದ. ಹಬ್ಬದ ಅಂಗಿ ಹಾಕಿದ್ದ, ಅದರ ಜೇಬಿನಿಂದಲೂ ಅದೇ ಒರೆಸುವ ಬಟ್ಟೆ ಇಣುಕುತ್ತಿತ್ತು.

"ಬೆರೆಸಿದ್ದು ನಾನು ಸ್ವಾಮಿ. ನನ್ ಮಗಳಿಗೆ ಏನೂ ಗೊತ್ತಿಲ್ಲ."

ಚಾಚಿದ್ದ ಕೈ ಹಿಂದಕ್ಕೆ ಹೋಯಿತು. ಅಯ್ಯೋ ನನ್ನಪ್ಪಾ! ಇಷ್ಟು ದಿನ ಒದ್ದಾಡಿ ಉಳಿಸಿದ ಹೆಸರನ್ನು ಒಂದೇ ಮಾತಿನಲ್ಲಿ ಹೊಳೆಗೆ ಹಾಕಿಬಿಟ್ಟ. ಅದೂ ನನ್ನನ್ನು ಉಳಿಸಲಿಕ್ಕೆ.

ನಾನು ಯಂತ್ರ ಆರಿಸಿ, ಕೆಟಲ್ ಹಾಕಿದೆ.

"ಹೋಗ್ಬೇಡಿ, ಕೂತ್ಕೊಳ್ಳಿ. ಅಪ್ಪಾ, ಸೀಸೆ ಒರೆಸ್ತಿದ್ದ ಆ ಬಟ್ಟೆ ಜೇಬಿಂದ ತೆಗಿ. ಅವ್ರೂ ಮೂಸಿ ನೋಡ್ಲಿ."