ತುಬಾನಿನ ವೇಫರ್ ವಾಲ್ವ್

೧.
ಎಲ್ಲಿಂದ ಶುರು ಮಾಡಲಿ? ಚಿಟ್ಟೆಯಿಂದಲೇ ಅಂದುಕೊಂಡೆ. ಬಟರ್‌ಫ್ಲೈ ವಾಲ್ವ್ ಎಂಬ ಹೆಸರಿಗೆ ಮರುಳಾಗಿ ಅರ್ಧ ಪುಟ ಹೂವು, ರೆಕ್ಕೆ ಅಂತ ಗೀಚಿದೆ. ಓದಿ ರುಸ್ಮಿನಿ ನಕ್ಕಳು. ತುಬಾನ್ ಎಂಬ ಊರಿನ ಸಿಹಿ ಸೋಯಾ ಸಾಸ್ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ಫಿಟ್ಟರ್ ಅವಳು.

"ಚಿಟ್ಟೆನೂ ಇಲ್ಲ, ಪಟ್ಟೆನೂ ಇಲ್ಲ. ಪೈಪೊಳಗೆ ಒಂದು ತಟ್ಟೆ. ಹಿಡಿನ ಕಾಲು ಸುತ್ತು ತಿರುಗಿಸಿದ್ರೆ ಅಡ್ಡ ನಿಂತು ರಬ್ಬರಿಗೆ ಕಚ್ಕೊಳ್ಳುತ್ತೆ, ಸಾಸ್ ಬಂದ್. ವಾಪಸ್ ತಿರುಗಿಸಿದ್ರೆ ದಾರಿ ಬಿಡುತ್ತೆ. ಆವಿ ಪೈಪಿಗೆ ಬೇರೆ ಜಾತಿ ಇದೆ, ರಬ್ಬರಿಲ್ಲ, ಲೋಹದ ಮೇಲೆ ಓರೆಯಾಗಿ ಕೂತಿರುತ್ತೆ, ತೆರೆಯೋವಾಗ ಅಂಚು ಉಜ್ಜದೇ ಏಳುತ್ತೆ. ಅಷ್ಟೇ, ಬರ್ಕೊಳ್ಳಿ."

(ಬರೆದುಕೊಂಡೆ. ಹೂವು ಹೊಡೆದುಹಾಕಿದೆ.)

೨.
ತೊಟ್ಟಿಯ ತುಂಬ ಸಾಸ್. ಬುಡದ ವಾಲ್ವಿನಾಚೆಯ ಪೈಪು ಕಟ್ಟಿಕೊಂಡಿತ್ತು. ತಪಾಸಣೆಯವರು ಬರುವ ದಿನ. ಮ್ಯಾನೇಜರ್ ಹರ್ಜಿತೊ ಹೊಸ ಬಾತಿಕ್ ಅಂಗಿ ತೊಟ್ಟು ಬಂದ. (ಅಲ್ಲಿ ಗಂಡಸರಿಗೆ 'ಪಾಕ್', ಹೆಂಗಸರಿಗೆ 'ಬು' ಅಂತ ಮರ್ಯಾದೆ.)

"ವಾಲ್ವ್ ಮುಚ್ಚಿದೆಯಲ್ಲ ಬು ರುಸ್ಮಿನಿ, ಪೈಪ್ ಬಿಚ್ಚಿ."

"ಆಗಲ್ಲ ಪಾಕ್. ಇದು ವೇಫರ್ ಜಾತಿ. ಬಿಸ್ಕತ್ತಿನ ಕ್ರೀಮ್ ಥರ ಎರಡು ಪೈಪಿನ ನಡುವೆ ಸಿಕ್ಕೊಂಡಿದೆ, ಅವೇ ಉದ್ದ ಬೋಲ್ಟು ಎರಡೂ ಕಡೆ ಹಿಡ್ಕೊಂಡಿವೆ. ಬಿಚ್ಚಿದ್ರೆ ವಾಲ್ವೇ ಉದುರುತ್ತೆ. ಲಗ್ ಜಾತಿಯದ್ದು ತನ್ನಿ ಅಂದಿದ್ದೆ. ಅದಕ್ಕೆ ಸುತ್ತ ಕಿವಿ ಇರುತ್ತೆ, ಆ ಕಡೆಗೆ ಬೇರೆ ಬೋಲ್ಟು, ಈ ಕಡೆಗೆ ಬೇರೆ."

"ಕಿವಿಯಂತೆ, ಮೂಗಂತೆ! ಸ್ಪ್ಯಾನರ್ ಕೊಡಿ ಇಲ್ಲಿ."

೩.
(ಮೊದಲ ಕರಡಿನಲ್ಲಿ ಎರಡೇ ಹನಿ ತೊಟ್ಟಿಕ್ಕಿಸಿದ್ದೆ. ಪಾಪ, ಹೊಸ ಅಂಗಿ. ರುಸ್ಮಿನಿ ಗದರಿದಳು: "ಆಗಿದ್ದನ್ನ ಬರೀರಿ.")

ಹರ್ಜಿತೊ ಕೊನೆಯ ಬೋಲ್ಟು ಬಿಚ್ಚಿದ್ದೇ ವಾಲ್ವ್ ಧಡಕ್ಕನೆ ಬಿತ್ತು. ಹಿಂದೆಯೇ ಸಾಸ್ ಬಂತು, ಕಪ್ಪಗೆ, ಮಂದಗೆ, ಯಾವ ಅವಸರವೂ ಇಲ್ಲದೆ. ಹರ್ಜಿತೊ ಜಾರಿ ಅದರಲ್ಲೇ ಕೂತ. ಸಾಸ್ ಗೇಟು ದಾಟಿತು. ಬೀದಿಯಲ್ಲಿ ತೆಂಪೆ ಎಂಬ ಸೋಯಾ ಬಿಲ್ಲೆ ಕರಿಯುವ ಹೆಂಗಸು ಬೋಗುಣಿ ಹಿಡಿದು ಓಡಿಬಂದಳು.

"ಬೋಗುಣಿ ಆಮೇಲೆ, ಅಕ್ಕಾ! ಭುಜ ಕೊಡಿ!"

ರುಸ್ಮಿನಿ ಕಬ್ಬಿಣದ ಮುಚ್ಚಳವೊಂದನ್ನು ತೊಟ್ಟಿಯ ಬುಡದ ಬಾಯಿಗೆ ಒತ್ತಿದಳು. ಒಂದು ಕಡೆ ತೆಂಪೆಯಾಕೆ, ಇನ್ನೊಂದು ಕಡೆ ಎದ್ದೂ ಬಿದ್ದೂ ಹರ್ಜಿತೊ. ಅವರು ಒತ್ತಿ ಹಿಡಿದರು, ಇವಳು ಬೋಲ್ಟು ಬಿಗಿದಳು. ಹರಿವು ನಿಂತಿತು.

೪.
ಈಗ ಮುಕ್ತಾಯ. ಒಂದು: ಹರ್ಜಿತೊ ಕ್ಷಮೆ ಕೇಳುತ್ತಾನೆ. (ನಾನೇ ನಂಬಲಿಲ್ಲ.) ಎರಡು: ತಪ್ಪೆಲ್ಲ ರುಸ್ಮಿನಿಯ ತಲೆಗೆ ಬಂದು ಕೆಲಸ ಹೋಗುತ್ತದೆ. (ಇದನ್ನು ಎಲ್ಲರೂ ನಂಬುತ್ತೀರಿ, ಅದೇ ಬೇಜಾರು.) ಮೂರನೆಯದನ್ನು ಹರ್ಜಿತೊನೇ ಸೂಚಿಸಿದ, ಕಿವಿಯೊಳಗಿನ ಸಾಸ್ ಒರೆಸಿಕೊಳ್ಳುತ್ತ: "'ಬೋಲ್ಟುಗಳು ತಾವಾಗಿಯೇ ಸಡಿಲಗೊಂಡವು' ಅಂತ ಬರೆದುಬಿಡಿ ಸಾರ್. ಯಾರಿಗೂ ನೋವಿಲ್ಲ."

ರುಸ್ಮಿನಿ ಅವಘಡದ ವರದಿಯ ಹಾಳೆಯನ್ನು ಅವನ ಮುಂದಿಟ್ಟಳು. "ನಾನು ಬಿಗಿದ ಬೋಲ್ಟು ತಾನಾಗಿ ಸಡಿಲ ಆಗಲ್ಲ ಪಾಕ್. ಬಿಚ್ಚಿದೋರ ಹೆಸರು ಬರೀರಿ."

ಅವನು ಮೊದಲ ಅಕ್ಷರ ಬರೆದು ನನ್ನತ್ತ ನೋಡಿದ, ಕಥೆ ಇಲ್ಲಿಗೇ ಮುಗಿಸಿಬಿಡಿ ಎನ್ನುವಂತೆ.

ಮುಗಿಸುವುದಿಲ್ಲ. ಪೂರ್ತಿ ಹೆಸರು ಬೀಳುವವರೆಗೆ ನಾವು ಮೂವರೂ ಈ ಅಂಟು ನೆಲದ ಮೇಲೆ ನಿಂತಿರುತ್ತೇವೆ. ನೀವು ಬೇಕಾದರೆ ಹೊರಡಿ. ಚಪ್ಪಲಿ ಹುಷಾರು.