ಹೌದು, ಇಲ್ಲ, ಮೌನ

ತಂಗಿಯ ಗಂಡ ಮೊದಲು ಮುರಿದದ್ದು ನನ್ನ ಎಡಗೈಯ ಕಿರುಬೆರಳು. ಬಲಗೈ ಮುಟ್ಟಲಿಲ್ಲ, ಟೈಪ್ ಮಾಡಲು ಬೇಕಲ್ಲ. ಲೆಕ್ಕಾಚಾರದ ಮನುಷ್ಯ. ಆಫೀಸಿನವರೆಲ್ಲ ಊಟಕ್ಕೆ ಹೋದ ಹೊತ್ತು ನೋಡಿಕೊಂಡೇ ಬಂದಿದ್ದ.

"ಎಲ್ಲಿದ್ದಾಳೆ ಹೇಳಿ, ಅತ್ತಿಗೆ."

"ನಂಗೊತ್ತಿಲ್ಲ."

ಸುಳ್ಳಲ್ಲ. ಇವನ ಒದೆತ ತಾಳಲಾರದೆ ಓಡಿಹೋದ ತಂಗಿಗಾಗಿಯೇ ನಾನು ಆ ಆ್ಯಪ್ ಕಟ್ಟಿದ್ದು. ಸಾವಿರಾರು ಕಂಪ್ಯೂಟರುಗಳಲ್ಲಿ ಹಂಚಿಹೋದ ಬ್ಲಾಕ್‌ಚೈನ್ ಮೇಲೆ ನಡೆಯುವ ಅದಕ್ಕೆ ಯಜಮಾನನಿಲ್ಲ. ಹೆಸರು, ವಿಳಾಸ ಯಾರ ಬಳಿಯೂ ಇರುವುದಿಲ್ಲ. ಹೌದು-ಇಲ್ಲ ಎನ್ನುವಂಥ ಪ್ರಶ್ನೆ ಮಾತ್ರ ಕೇಳಬಹುದು. ತಲೆಮರೆಸಿಕೊಂಡವರು ಒಪ್ಪಿ ಗುಂಡಿ ಒತ್ತಿದರೆ ಅವರ ಫೋನೇ ನಿಜವನ್ನು ರುಜುವಾತು ಮಾಡಿ ಉತ್ತರಿಸುತ್ತದೆ. ಸುಳ್ಳು ಹೇಳಲು ಬರುವುದಿಲ್ಲ, ಸುಮ್ಮನಿರಲು ಬರುತ್ತದೆ.

"ಹಾಗಾದ್ರೆ ಅವಳನ್ನೇ ಒಂದೊಂದಾಗಿ ಕೇಳಿ," ಎಂದು ಉಂಗುರದ ಬೆರಳನ್ನು ಹಿಂದಕ್ಕೆ ಮಡಚಿದ. ಲಟಕ್ಕೆಂದಿತು. ಮೇಜಿನ ಮೇಲೇ ವಾಂತಿ ಮಾಡಿಕೊಂಡೆ.

ಟೈಪ್ ಮಾಡಿದೆ: 'ನೀವು ಈ ಊರಲ್ಲಿದ್ದೀರಾ?'

ಓದಿ ತಲೆಯಾಡಿಸಿದ. 'ನೀವು' ಎಂಬುದನ್ನು ಯಂತ್ರದ ಮರ್ಯಾದೆ ಅಂದುಕೊಂಡಿರಬೇಕು.

ಉತ್ತರ ಬರಲಿಲ್ಲ. "ಮೌನಂ ಸಮ್ಮತಿ ಅಂತಾರಲ್ಲ," ಎಂದು ನಕ್ಕು, ನನ್ನ ಕೂದಲು ಹಿಡಿದು ಮುಖವನ್ನು ಕೀಬೋರ್ಡಿಗೆ ಜಜ್ಜಿದ. ಹಲ್ಲೊಂದು ಕಳಚಿ ನಾಲಿಗೆಯ ಮೇಲೆ ಬಿತ್ತು. ತಲೆಯೆತ್ತಿದಾಗ ಪರದೆಯ ಮೇಲೆ ಉತ್ತರವಿತ್ತು.

ಹೌದು.

ಬೇಡ ಕಣೇ, ಸುಮ್ಮನಿರು, ಎಂದು ಒಳಗೊಳಗೇ ಬೇಡಿಕೊಂಡೆ.

'ನೀವು ಈ ಬಡಾವಣೆಯಲ್ಲಿದ್ದೀರಾ?' ತಡವಾಗಿ ಬಂತು: ಹೌದು. ನಡುಬೆರಳು ಹೋಯಿತು. 'ನೀವು ಈ ರಸ್ತೆಯಲ್ಲಿದ್ದೀರಾ?' ಹೌದು. ನನಗೆ ಅವನಿಗಿಂತ ಅವಳ ಮೇಲೆ ಸಿಟ್ಟು ಬಂತು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುತ್ತಿದ್ದಾಳಲ್ಲ!

"ಕಟ್ಟಡ ಕೇಳಿ," ಎಂದ. ಅವನ ಬಾಯಲ್ಲಿ ನೀರೂರುತ್ತಿತ್ತು.

'ನೀವು ಈ ಕಟ್ಟಡದಲ್ಲಿದ್ದೀರಾ?'

ಹೌದು.

"ಈ ಕಟ್ಟಡನಾ?" ಎಂದು ಹುಬ್ಬು ಗಂಟಿಕ್ಕಿ ಹಿಂದೆ ತಿರುಗಿದ. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಅವನ ದವಡೆಗೆ ಅಪ್ಪಳಿಸಿತು. ಬಿದ್ದವನ ಮೊಣಕಾಲಿಗೆ ಇನ್ನೊಂದು. ತಡಕಾಡುತ್ತಿದ್ದ ಅವನ ಬಲಗೈಯ ಮೇಲೆ ಮತ್ತೊಂದು, ಮಗದೊಂದು. ಸಾಕು ಎಂದು ನಾನು ಹೇಳಲಿಲ್ಲ. ನನಗೆ ಖುಷಿಯಾಗುತ್ತಿತ್ತು.

ಕೊನೆಗೆ ತಂಗಿ ಸಿಲಿಂಡರ್ ಕೆಳಗಿಟ್ಟು, ಏದುಸಿರು ಬಿಡುತ್ತಾ ನನ್ನ ಪಕ್ಕ ಕುಕ್ಕರಿಸಿದಳು.

"ಅನುಮಾನ ಬಂದು ನೀನು ಓಡಿಹೋಗ್ಲಿ ಅಂತ ಹಾಗೆ ಬರೆದಿದ್ದು ಕಣೇ," ಎಂದೆ, ಬಾಯಿತುಂಬ ರಕ್ತ. "ಯಾಕೆ ಬಂದೆ?"

"ಹುಟ್ಟಿದಾಗಿಂದ 'ಕತ್ತೆ' ಅಂತ ಕರೆದೋಳು ನೀನು," ಎಂದು ನನ್ನ ಮುರಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ಇವತ್ತು 'ನೀವು' ಅಂದ್ರೆ, ಬರದೇ ಇರ್ತೀನಾ?"