ತೋಡು ಬಿಟ್ಟ ತಂತಿ

ಗಂಡನಿಗೆ ಕಣ್ಣು ಕಾಣುವುದಿಲ್ಲ ಎಂಬುದು ತಿಮ್ಮಿಗೆ ಗೊತ್ತಾದದ್ದು ಒಂದು ಬಂಗಡೆಯ ದೆಸೆಯಿಂದ. ಬುಟ್ಟಿಯ ಮೀನು ಮಾರಿ ಮುಗಿಸಿ, ಮಧ್ಯಾಹ್ನದ ಬುತ್ತಿ ಹಿಡಿದು ಕಾರ್ಖಾನೆಗೆ ಹೋಗಿದ್ದಳು. ಮಾಬ್ಲ ಗೋಡೆಗೆ ಒರಗಿ ಕೂತು ಅನ್ನ ಕಲಸಿದ, ಸಾರು ಸುರಿದುಕೊಂಡ, ಉಂಡು ಕೈ ತೊಳೆಯಲು ಎದ್ದ. ಹುರಿದ ಬಂಗಡೆ ತಟ್ಟೆಯ ಅಂಚಿನಲ್ಲಿ ಇಟ್ಟ ಹಾಗೇ ಇತ್ತು.

"ಮೀನು ಬ್ಯಾಡ್ವಾ?" ಎಂದಳು.

"ಮೀನು ತಂದಿದ್ಯಾ?" ಎಂದ ಅವನು. ಹಾಗೆ ಕೇಳಿದ ಮೇಲೆ ಅವನ ಮುಖ ಕಪ್ಪಾಯಿತು. ತಿರುಗಿ ಕೂತು, ಕೈಯಿಂದ ತಟ್ಟೆ ತಡವಿ ಮೀನು ಹುಡುಕಿ ತಿಂದ. ಬಂಗಡೆ ಅಂದರೆ ಜೀವ ಬಿಡುವ ಗಂಡಸು ಅದು. ತಿಮ್ಮಿ ಅವತ್ತು ಏನೂ ಕೇಳಲಿಲ್ಲ. ಮನೆಗೆ ಹೋಗುವ ದಾರಿ ತುಂಬ ಹಿಂದಿನದನ್ನೆಲ್ಲ ನೆನೆದಳು. ಹೊಸ್ತಿಲಲ್ಲಿ ಕಾಲು ಎಡವುತ್ತಿದ್ದದ್ದು, ಎದುರಿಗೆ ಬಂದ ಜನರನ್ನು ಮಾತಾಡಿಸದೆ ಹೋಗುತ್ತಾನೆ ಎಂದು ಕೇರಿಯವರು ದೂರಿದ್ದು, ಅಂಗಿಯ ಗುಂಡಿ ಮೇಲೆ ಕೆಳಗೆ ಆಗುತ್ತಿದ್ದದ್ದು. ಎಲ್ಲವೂ ಕಣ್ಣ ಮುಂದೆಯೇ ಇತ್ತು, ತಾನು ನೋಡಿರಲಿಲ್ಲ, ಅಷ್ಟೆ.

ಮಾಬ್ಲ ವನ್ನಳ್ಳಿಯ ಬೆಸ್ತರ ಕೇರಿಯವನೇ ಆದರೂ ಸಮುದ್ರಕ್ಕೆ ಇಳಿದದ್ದು ಕಡಿಮೆ. ಮೀಸೆ ಮೂಡುವ ಹೊತ್ತಿಗೆ ಬೊಂಬಾಯಿಗೆ ಹೋಗಿ ಕುರ್ಲಾದ ಕಡೆಯ ಒಂದು ಕಾರ್ಖಾನೆಯಲ್ಲಿ ಭಟ್ಟಿಯ ಕೆಲಸಕ್ಕೆ ಸೇರಿದವನು. ಮದುವೆಯಾದ ಮೇಲೂ ವರ್ಷಕ್ಕೊಮ್ಮೆ ಬಂದು ಹೋಗುವುದೇ ಆಯಿತು. ಮಗಳು ಲಕ್ಕಿ ಅಪ್ಪನನ್ನು ನೋಡಿ ನೆಂಟರ ಹಾಗೆ ನಾಚಿಕೊಂಡೇ ಬೆಳೆದಳು. ಆ ಕಾರ್ಖಾನೆ ಬಾಗಿಲು ಹಾಕಿದಾಗ, ಎಪ್ಪತ್ತೆಂಟರಲ್ಲಿ, ಒಂದು ಟ್ರಂಕು ಹಿಡಿದು ಊರಿಗೆ ಬಂದ. ಆ ಹೊತ್ತಿಗೇ ಕುಮಟೆಯ ಕಮಲಾಕರ ಶೇಟರು ಹೆದ್ದಾರಿಯ ಬದಿಯ ಹಳೇ ಹಂಚಿನ ಶೆಡ್ಡಿನಲ್ಲಿ ಪಿಂಗಾಣಿ ಕೆಲಸ ಶುರುಮಾಡಿದ್ದರು. ಕರೆಂಟಿನ ಫ್ಯೂಸು ಸಿಕ್ಕಿಸುವ ಬಿಳಿ ಹಿಡಿ, ಬಲ್ಬಿನ ಹೋಲ್ಡರು, ಇಂಥವು. ಶೇಟರು ಓದಿದವರು, ಕೆಲಸ ತಿಳಿದವರು. ಬೊಂಬಾಯಿಯ ಭಟ್ಟಿ ಕಂಡವನು ಎಂದು ಮಾಬ್ಲನನ್ನು ಕರೆದು ಒಳಗೆ ಇಟ್ಟುಕೊಂಡರು.

ಅದು ಕಟ್ಟಿಗೆಯ ಭಟ್ಟಿಯಲ್ಲ, ಕರೆಂಟಿನದು. ಒಳಗೋಡೆಯ ಇಟ್ಟಿಗೆಗಳಲ್ಲಿ ಅಡ್ಡಡ್ಡ ತೋಡು ಕೊರೆದು, ಸ್ಪ್ರಿಂಗಿನ ಹಾಗೆ ಸುತ್ತಿದ ದಪ್ಪ ತಂತಿಯನ್ನು ಅದರಲ್ಲಿ ಮಲಗಿಸುತ್ತಾರೆ. ಕರೆಂಟು ಹರಿದರೆ ತಂತಿ ಕೆಂಪಾಗಿ, ಆಮೇಲೆ ಹಳದಿಯಾಗಿ ಉರಿಯುತ್ತದೆ. ಕಾದ ತಂತಿ ಉದ್ದವಾಗುತ್ತದೆ. ತಣಿದರೆ ಕುಗ್ಗುತ್ತದೆ, ಆದರೆ ಎಷ್ಟು ಹಿಗ್ಗಿತ್ತೋ ಅಷ್ಟು ಪೂರ್ತಿ ಕುಗ್ಗುವುದಿಲ್ಲ. ಪ್ರತಿ ಸಲ ಕೂದಲೆಳೆಯಷ್ಟು ಉದ್ದ ಉಳಿದೇಬಿಡುತ್ತದೆ. ಅದಕ್ಕೇ ಒಂದು ತುದಿ ಬಿಗಿ ಮಾಡಿದರೆ ಇನ್ನೊಂದು ತುದಿಯಲ್ಲಿ ಜಾಗ ಬಿಡಬೇಕು. ಜಾಗ ಮುಗಿದುಹೋದರೆ ತಂತಿ ಬೇರೆ ದಾರಿಯಿಲ್ಲದೆ ತೋಡು ಬಿಟ್ಟು ಉಬ್ಬಿ ಹೊರಗೆ ಬರುತ್ತದೆ, ಸುತ್ತಿನ ಮೇಲೆ ಸುತ್ತು ಬಿದ್ದು ಅಲ್ಲೇ ಕರಗಿ ಕಡಿಯುತ್ತದೆ. ಉಬ್ಬುವುದು ಶುರುವಾದದ್ದನ್ನು ಬಾಗಿಲಿನ ಸಣ್ಣ ಕಿಂಡಿಯಿಂದ ಕಾಣಬೇಕು. ಕಂಡರೆ ಭಟ್ಟಿ ನಿಲ್ಲಿಸಿ, ಪೂರ್ತಿ ಆರಿಸಿ, ಮೇನ್ ಸ್ವಿಚ್ಚು ಎಳೆದು, ಉಬ್ಬಿದ ಜಾಗಕ್ಕೆ ಗ್ಯಾಸಿನ ಉರಿ ಹಿಡಿದು ತಂತಿ ಕೆಂಪಗಾದ ಮೇಲೆ ಇಕ್ಕಳದಿಂದ ಸುತ್ತುಗಳನ್ನು ಒತ್ತಿ ಗಿಡ್ಡ ಮಾಡಿ ತೋಡಿಗೆ ಕೂರಿಸಬೇಕು. ತಣ್ಣಗಿರುವಾಗ ಮುಟ್ಟಿದರೆ ಬಳೆಯ ಹಾಗೆ ಚಟ್ಟೆಂದು ಮುರಿಯುತ್ತದೆ. ಇದನ್ನೆಲ್ಲ ಮಾಬ್ಲ ಮಾಡುತ್ತಿದ್ದ. ಅವನ ಕೆಲಸವೆಲ್ಲ ಆ ಕಿಂಡಿಯಲ್ಲಿ ಕಣ್ಣಿಡುವುದರಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಜಗುಲಿಯಲ್ಲಿ ಚಾ ಕೊಡುವಾಗ ತಿಮ್ಮಿ ಕೇಳಿಯೇಬಿಟ್ಟಳು. "ಎಷ್ಟು ಕಾಣ್ತದೆ, ಹೇಳಿ."

ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಅಂಚನ್ನು ಹೆಬ್ಬೆರಳಿನಿಂದ ತಡವಿದ. ಆಮೇಲೆ ಅಂದ, "ಬಲಗಣ್ಣಲ್ಲಿ ಎಂತದೂ ಇಲ್ಲ. ಎಡಗಣ್ಣಲ್ಲಿ ನೆರಳು ಕಾಣ್ತದೆ. ಹೋದ ಮಳೆಗಾಲದಲ್ಲಿ ಡಾಕ್ಟ್ರಿಗೆ ತೋರ್ಸಿದ್ದೆ. ಪೊರೆ ಅಂದ್ರು. ಭಟ್ಟಿಯ ಕಾವು ನೋಡಿ ನೋಡಿ ಬರೂದಂತೆ. ಇನ್ನೂ ಹಣ್ಣಾಗ್ಲಿಲ್ಲ, ಹಣ್ಣಾದ ಮೇಲೆ ತೆಗೀವಾ ಅಂದ್ರು."

"ಮತ್ತೆ ಭಟ್ಟಿ ಹ್ಯಾಂಗೆ ನೋಡ್ತ್ರಿ?"

"ನೋಡೂದಿಲ್ಲ. ಸದ್ದು ಕೇಳ್ತೆ. ಇಷ್ಟು ದಿವಸ ದೇವ್ರು ನಡೆಸ್ದ." ಲೋಟ ಕೆಳಗಿಟ್ಟು, "ಶೇಟ್ರಿಗೆ ಹೇಳ್ಬ್ಯಾಡ" ಎಂದ. ಬೇಡಿಕೊಂಡ ಹಾಗಿತ್ತು ಆ ದನಿ. ಅವನು ತನ್ನ ಹತ್ತಿರ ಏನನ್ನಾದರೂ ಬೇಡಿದ್ದನ್ನು ತಿಮ್ಮಿ ಅದೇ ಮೊದಲು ಕೇಳಿದ್ದು.

ಅವತ್ತಿನಿಂದ ತಿಮ್ಮಿ ಬುತ್ತಿ ತಂದವಳು ಕೂಡಲೇ ಹೊರಡುತ್ತಿರಲಿಲ್ಲ. ಹೆಂಗಸರು ಅಚ್ಚು ಒತ್ತುವ ಕಡೆ, ಹೊಳಪಿನ ಬಣ್ಣದಲ್ಲಿ ಅದ್ದುವ ಕಡೆ ಎರಡು ಮಾತಾಡಿ, ಭಟ್ಟಿಯ ಹತ್ತಿರ ಬಂದು, ಶೇಟರು ತಂದಿಟ್ಟಿದ್ದ ಕರಿ ಗಾಜು ಹಿಡಿದು ಕಿಂಡಿಯಲ್ಲಿ ನೋಡುತ್ತಿದ್ದಳು. ಮೊದಮೊದಲು ಅವಳಿಗೆ ಬರೇ ಬೆಳಕು ಕಂಡಿತು. ಬೆಳಕಿನೊಳಗೆ ಗೆರೆಗಳು ಬೇರೆಯಾಗಿ ಕಾಣಲು ದಿನ ಹಿಡಿಯಿತು. ಆಮೇಲೆ ಅವಳ ಮಾತು ಹೀಗೆ ಬರತೊಡಗಿತು. "ಮೇಲಿಂದ ಮೂರನೇ ತೋಡು. ಎಡದ ತುದಿಯಿಂದ ಒಂದು ಮೊಳ ಈಚೆ. ಏಡಿ ಕಾಲು ಎತ್ತಿದ ಹಾಂಗೆ ಎತ್ತಿದೆ."

"ಒಂದು ಸುತ್ತಾ, ಎರಡು ಸುತ್ತಾ?"

"ಒಂದೂವರೆ."

"ಇನ್ನೂ ಎರಡು ಸಲ ತಡೀತದೆ," ಎನ್ನುತ್ತಿದ್ದ ಅವನು. ಅವನ ಲೆಕ್ಕ ತಪ್ಪುತ್ತಿರಲಿಲ್ಲ. ರಿಪೇರಿಯ ದಿನ ಅವಳು ಬದಿಯಲ್ಲಿ ನಿಂತು ಮೆಲ್ಲನೆ "ಎಡಕ್ಕೆ... ಇನ್ನೊಂದು ಚೂರು... ಈಗ ಕೆಂಪಾತು" ಎನ್ನುವಳು. ಅವನ ಇಕ್ಕಳ ಆ ದನಿಯ ಬೆನ್ನು ಹಿಡಿದು ಹೋಗುತ್ತಿತ್ತು. ಬೊಂಬಾಯಿಯ ವರ್ಷಗಳೆಲ್ಲ ಸೇರಿದರೂ ಅವರಿಬ್ಬರು ಅಷ್ಟು ಮಾತಾಡಿದ್ದಿಲ್ಲ. ಬೆವರಿನಲ್ಲಿ ತೊಯ್ದು, ಭುಜಕ್ಕೆ ಭುಜ ತಾಗಿಸಿಕೊಂಡು, ಆರಿದ ಭಟ್ಟಿಯ ಬಾಯಲ್ಲಿ ಬಗ್ಗಿ ನಿಂತಾಗ ತಿಮ್ಮಿಗೆ ಒಳಗೊಳಗೇ ಒಂದು ಥರದ ಸುಖವಾಗುತ್ತಿತ್ತು. ಗಂಡನ ಕಣ್ಣು ಹೋಗುತ್ತಿರುವಾಗ ಇದೆಂಥ ಸುಖ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಎಂಬತ್ತೆರಡರ ಬೇಸಗೆಯಲ್ಲಿ ಕರೆಂಟಿನ ಕಾಟ ಹೆಚ್ಚಾಯಿತು. ಭಟ್ಟಿ ಕಾದು ಹಳದಿಗೆ ಬರುವ ಹೊತ್ತಿಗೆ ಲೈನು ಹೋಗುವುದು, ತಣಿಯುವ ಹೊತ್ತಿಗೆ ಬರುವುದು. ತಂತಿ ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ, ತಿಂಗಳಲ್ಲಿ ಆಗುವ ಉಬ್ಬು ವಾರದಲ್ಲೇ ಆಗತೊಡಗಿತು. ಅಷ್ಟರಲ್ಲಿ ಮುರ್ಡೇಶ್ವರದಿಂದ ಲಕ್ಕಿಯ ಗಂಡನ ಮನೆಯವರು ಹೇಳಿ ಕಳಿಸಿದರು, ಹೆರಿಗೆ ಹತ್ತಿರ ಬಂತು, ಅವ್ವ ಬೇಕಂತೆ ಎಂದು.

ತಿಮ್ಮಿ ಹೊರಡುವಾಗ ಕೈ ಹಿಡಿದು ಹೇಳಿದಳು. "ನಾ ಬರೂವರೆಗೆ ಭಟ್ಟಿ ಹಚ್ಬ್ಯಾಡಿ. ಜ್ವರ ಅಂತ ಹೇಳಿ ಮನೆಲೇ ಇರಿ."

"ಆತು," ಎಂದ ಮಾಬ್ಲ.

ಆದರೆ ಅವನು ಮನೆಯಲ್ಲಿ ಉಳಿಯಲಿಲ್ಲ. ಶೇಟರು ಹುಬ್ಬಳ್ಳಿಗೆ ಹೋಗಿದ್ದರು, ಬಣ್ಣದಲ್ಲಿ ಅದ್ದಿಟ್ಟ ಮಾಲು ಸುಡದೆ ರಾಶಿ ಬಿದ್ದಿತ್ತು, ಹೆಂಗಸರು "ಎಂತ ಮಾಬ್ಲಣ್ಣ, ಹಚ್ಚೂದಿಲ್ವಾ?" ಎಂದು ಕೇಳಿದರು. ಕಾಣುವುದಿಲ್ಲ ಎಂದು ಹೇಳುವ ಬದಲು ಅವನು ಹಚ್ಚಿದ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು, ಬಂತು. ಮೂರನೇ ತೋಡಿನ ತಂತಿ ಪೂರ್ತಿ ಎದ್ದು ಬಂದು, ಮಾಲು ಜೋಡಿಸಿದ ಹಲಗೆಯ ಮೇಲೆ ಬಾಗಿ, ಅಲ್ಲೇ ಕರಗಿ ಕಡಿದುಹೋಯಿತು. ಒಳಗಿದ್ದದ್ದೆಲ್ಲ ಹಾಳು.

ತಿಮ್ಮಿ ಮೊಮ್ಮಗುವಿನ ಸುದ್ದಿ ಹೊತ್ತುಕೊಂಡು ಬಸ್ಸಿಂದ ಇಳಿದದ್ದು ಕಾರ್ಖಾನೆಯ ಎದುರಿಗೇ. ಗಂಡನಿಗೆ ಮೊದಲು ಹೇಳಬೇಕು ಎಂಬ ಆಸೆ. ಒಳಗೆ ಬಂದರೆ, ಹೆಂಗಸರೆಲ್ಲ ಕೆಲಸ ಬಿಟ್ಟು ಗೋಡೆ ಬದಿ ನಿಂತಿದ್ದಾರೆ. ಭಟ್ಟಿಯ ಬಾಗಿಲು ತೆರೆದಿದೆ. ಹುಬ್ಬಳ್ಳಿಯಿಂದ ಬಂದ ಶೇಟರು ಕೈ ಕಟ್ಟಿಕೊಂಡು ಹಿಂದೆ ನಿಂತಿದ್ದಾರೆ. ಅವರ ಮುಂದೆ ಮಾಬ್ಲ ಮಂಡಿಯೂರಿ ಕೂತು, ಗ್ಯಾಸಿನ ಉರಿಯನ್ನು ಬಹಳ ಜೋಪಾನವಾಗಿ, ಒಂದೇ ಕಡೆ ಅಲುಗಿಸದೆ ಹಿಡಿದಿದ್ದಾನೆ.

ಉರಿ ಹಿಡಿದ ಜಾಗದಲ್ಲಿ ತಂತಿ ಇರಲಿಲ್ಲ. ಬರೇ ಇಟ್ಟಿಗೆ. ಕಡಿದ ತಂತಿಯ ತುದಿ ಅಲ್ಲಿಂದ ಒಂದು ಗೇಣು ಆಚೆ ಜೋಲಿ ಬಿದ್ದಿತ್ತು.

"ಈಗ ಕೆಂಪಾತು, ಶೇಟ್ರೆ," ಎಂದ ಮಾಬ್ಲ. ಇಕ್ಕಳ ಎತ್ತಿದ.

ಶೇಟರು ಕಣ್ಣು ಕಿರಿದು ಮಾಡಿ ಅವನನ್ನು ನೋಡುತ್ತಿದ್ದರು. ತಿಮ್ಮಿ ಎರಡು ಹೆಜ್ಜೆ ಮುಂದೆ ಬಂದಳು. ಸುಮ್ಮನಿದ್ದರೆ ಅವನು ಎಲ್ಲರ ಎದುರಿಗೆ ಗಾಳಿಯನ್ನು ಇಕ್ಕಳದಲ್ಲಿ ಹಿಡಿಯುತ್ತಾನೆ. ಅದನ್ನು ನೋಡುವುದು ಅವಳ ಕೈಲಿ ಆಗಲಿಲ್ಲ.

"ಎಡಕ್ಕೆ," ಎಂದಳು ಮೆಲ್ಲನೆ. "ಒಂದು ಗೇಣು."

ಮಾಬ್ಲ ತಿರುಗಿಯೂ ನೋಡಲಿಲ್ಲ, ಯಾರೆಂದೂ ಕೇಳಲಿಲ್ಲ. ಉರಿ ಸರಕ್ಕನೆ ಎಡಕ್ಕೆ ಹೋಯಿತು. ಕಣ್ಣಿನ ಗುಟ್ಟನ್ನು ತಾನೇ ಬಿಟ್ಟುಕೊಟ್ಟೆ ಎಂದು ಆಮೇಲೆಯೇ ಅವನಿಗೆ ಹೊಳೆದದ್ದು. ಗ್ಯಾಸು ಆರಿಸಿ, ನೆಲ ತಡವಿ ಇಕ್ಕಳ ಕೆಳಗಿಟ್ಟು, ಹಾಗೇ ಕೂತುಬಿಟ್ಟ.

ಶೇಟರು ತಿಮ್ಮಿಯನ್ನು ಹೊರಗೆ ಕರೆದರು. "ಎಷ್ಟು ದಿವಸದಿಂದ ಇದು?"

"ತುಂಬ ದಿವಸ ಆತು, ಒಡೆಯ."

"ತಂತಿ ಸುಟ್ಟದ್ದಕ್ಕೆ ನಂಗೆ ಸಿಟ್ಟಿಲ್ಲ. ಕರೆಂಟು ಹೀಗೆ ಹೋಗಿ ಬಂದರೆ ಯಾರು ಇದ್ದರೂ ಸುಡುತ್ತದೆ. ಆದರೆ ಇವತ್ತು ಮೇನು ಎಳೆದದ್ದು ನಾನೇ, ಬಂದ ಮೇಲೆ, ತಿಮ್ಮಿ. ಅವನು ಎಳೆದಿದ್ದೇನೆ ಅಂದುಕೊಂಡಿದ್ದ. ಹಿಡಿ ಮೇಲೇ ಇತ್ತು, ಕರೆಂಟು ಹರಿಯುತ್ತಲೇ ಇತ್ತು." ಶೇಟರು ಮುಖ ಒರೆಸಿಕೊಂಡರು. "ನಾನು ಒಂದು ಬಸ್ಸು ತಡವಾಗಿ ಬಂದಿದ್ದರೆ ಎಂತ ಆಗ್ತಿತ್ತು, ಹೇಳು."

ತಿಮ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೊಮ್ಮಗುವಿನ ಸುದ್ದಿ ಅವತ್ತು ಹೇಳಲೇ ಇಲ್ಲ.

ಒಂದು ವಾರ ಕಳೆದು ಶೇಟರು ತಾವೇ ವನ್ನಳ್ಳಿಗೆ ಬಂದರು. ಜಗುಲಿಯ ಮೇಲೆ ಕೂತು, ಅವಳು ಕೊಟ್ಟ ಬೆಲ್ಲ ನೀರು ಕುಡಿದು, ತಿಮ್ಮಿಯೇ ಭಟ್ಟಿ ನೋಡಿಕೊಳ್ಳಲಿ, ತಾನು ಜೊತೆಗಿದ್ದು ಕಲಿಸುತ್ತೇನೆ ಎಂದರು. ತಿಮ್ಮಿ ತಲೆ ಅಲ್ಲಾಡಿಸಿದಳು. "ನಂಗೆ ಬ್ಯಾಡ ಒಡೆಯ, ಮೀನಿನ ಬುಟ್ಟಿ ಅದೆ" ಎಂದಳು.

"ಬರ್ತಾಳೆ ಅವಳು," ಎಂದ ಮಾಬ್ಲ ಗೋಡೆಯ ಕಡೆ ಮುಖ ಮಾಡಿಕೊಂಡು. "ಅವಳಿಗೆ ಎಲ್ಲ ಕಾಣ್ತದೆ."

ಅದರಲ್ಲಿ ಸಿಟ್ಟಿತ್ತೋ, ನೋವಿತ್ತೋ, ಬರೇ ಇದ್ದ ಮಾತೋ ಅವಳಿಗೆ ತಿಳಿಯಲಿಲ್ಲ. ತಿರುಗಿ ಕೇಳುವ ಧೈರ್ಯವೂ ಬರಲಿಲ್ಲ. ಮಾರನೇ ದಿನದಿಂದ ಹೋಗತೊಡಗಿದಳು.

ಮಳೆ ಬಿಟ್ಟ ಮೇಲೆ ಒಂದು ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಎಲ್ಲೆಲ್ಲಿಂದಲೋ ಜನ ಬಂದು ಸಾಲಾಗಿ ಚಾಪೆಯ ಮೇಲೆ ಮಲಗಿದ್ದರು. ಮಾಬ್ಲನ ಬಲಗಣ್ಣಿನ ಪೊರೆ ತೆಗೆದು ಪಟ್ಟಿ ಕಟ್ಟಿ ಕಳಿಸಿದರು. ಪಟ್ಟಿ ಬಿಚ್ಚುವ ದಿನ ಬರುವ ಮೊದಲೇ ಕಣ್ಣು ಬಾತು ಕೀವು ಇಳಿಯಿತು. ತಿಮ್ಮಿ ಅವನನ್ನು ಬಾಡಿಗೆ ಕಾರಿನಲ್ಲಿ ಹೊನ್ನಾವರದ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದಳು. ಜೀವಕ್ಕೆ ತೊಂದರೆಯಾಗುವುದು ತಪ್ಪಿತು, ಕಣ್ಣು ಉಳಿಯಲಿಲ್ಲ. ಎಡಗಣ್ಣಿನ ಪೊರೆ ಹಣ್ಣಾಗಿದೆ, ಬೇರೆ ಕಡೆ ಮಾಡಿಸಿದರೆ ಖಂಡಿತ ಕಾಣುತ್ತದೆ ಎಂದು ಆ ಡಾಕ್ಟರು ಎಷ್ಟೋ ಹೇಳಿದರು.

"ಬ್ಯಾಡ," ಎಂದ ಮಾಬ್ಲ. "ಇದ್ರಲ್ಲಿ ಬೆಳಕು ಕತ್ತಲು ಗೊತ್ತಾಗ್ತದೆ. ಅದನ್ನೂ ಕೊಡೂಕೆ ಆಗೂದಿಲ್ಲ ನಂಗೆ."

ತಿಮ್ಮಿ ಅತ್ತಳು, ಜಗಳ ಮಾಡಿದಳು, ಲಕ್ಕಿಯನ್ನು ಮಗು ಸಮೇತ ಕರೆಸಿ ಹೇಳಿಸಿದಳು. ಅವನು ಮಗುವಿನ ಮುಖವನ್ನು ಬೆರಳಿನಿಂದ ತಡವಿದ, ಮೂಗು ನಮ್ಮ ಅವ್ವಿಯದು ಎಂದ, ಆದರೆ ಕಣ್ಣಿನ ಮಾತಿಗೆ ಜಗ್ಗಲಿಲ್ಲ.

ಅವಳು ಭಟ್ಟಿಗೆ ಸೇರಿದ ಮೊದಲ ಕೆಲವು ತಿಂಗಳು ಅವನು ಸಂಜೆ ಕೇಳುತ್ತಿದ್ದ, ಯಾವ ತೋಡು, ಎಷ್ಟು ಎತ್ತಿದೆ, ತುದಿಯಲ್ಲಿ ಜಾಗ ಉಳಿದಿದೆಯಾ ಎಂದು. ತಿಮ್ಮಿ ಹೇಳುತ್ತಿದ್ದಳು, ಅವನು ಹೂಂ ಅನ್ನುತ್ತಿದ್ದ. ಕಣ್ಣು ಹೋದ ಮೇಲೆ ಆ ಕೇಳುವುದು ಮೆಲ್ಲಗೆ ಕಡಿಮೆಯಾಯಿತು. ಚಿಕ್ಕಂದಿನಲ್ಲಿ ಕಲಿತ ಬಲೆಯ ಗಂಟು ಬೆರಳಿಗೆ ನೆನಪಿತ್ತು. ಕೇರಿಯವರು ಹರಿದ ಬಲೆ ತಂದು ಹಾಕುತ್ತಿದ್ದರು. ದಿನವಿಡೀ ಕೂತು ಹೆಣೆಯುತ್ತಿದ್ದ.

ಒಂದು ದಿನ ಶೇಟರು ಊರಲ್ಲಿ ಇಲ್ಲದಾಗ ಮೇಲಿನ ತೋಡಿನ ತಂತಿ ಉಬ್ಬಿತು. ತಿಮ್ಮಿ ಹೆದರಲಿಲ್ಲ. ಭಟ್ಟಿ ನಿಲ್ಲಿಸಿದಳು, ಆರುವವರೆಗೆ ಕಾದಳು, ಮೇನ್ ಸ್ವಿಚ್ಚಿನ ಹಿಡಿಯನ್ನು ಎಳೆದು, ಎಳೆದದ್ದನ್ನು ಮತ್ತೊಮ್ಮೆ ಕೈ ಮುಟ್ಟಿ ನೋಡಿದಳು. ಉರಿ ಹಿಡಿದಳು. ತಂತಿ ಕೆಂಪಗಾಗಿ ಮೆದುವಾದಾಗ ಇಕ್ಕಳದಿಂದ ಒಂದೊಂದೇ ಸುತ್ತನ್ನು ಒತ್ತಿ, ಬಲದ ತುದಿಯಲ್ಲಿ ಎರಡು ಬೆರಳು ಜಾಗ ಬಿಟ್ಟು ತೋಡಿಗೆ ಕೂರಿಸಿದಳು. ಎಲ್ಲೂ ಮುರಿಯಲಿಲ್ಲ. ಮತ್ತೆ ಹಚ್ಚಿದಾಗ ತಂತಿ ಸಾಕಿದ ನಾಯಿಯ ಹಾಗೆ ತನ್ನ ಜಾಗದಲ್ಲೇ ಮಲಗಿತ್ತು. ಹೆಂಗಸರೆಲ್ಲ ಬಂದು ನೋಡಿದರು.

ಅವತ್ತು ದಾರಿ ಸಾಗಿದ್ದೇ ಗೊತ್ತಾಗಲಿಲ್ಲ ಅವಳಿಗೆ. ಜಗುಲಿ ಹತ್ತುವ ಮೊದಲೇ ಹೇಳತೊಡಗಿದಳು. "ಕೇಳ್ತಾ? ಇವತ್ತು ನಾನೇ ಒಬ್ಳೇ—"

"ತಿಮ್ಮಿ," ಎಂದ ಮಾಬ್ಲ. ಕೈಯಲ್ಲಿದ್ದ ಬಲೆ ನಿಂತಿತ್ತು. "ನಿನ್ನ ಸೀರೆಗೆ ಕಾದ ಇಟ್ಟಿಗೆಯ ವಾಸನೆ. ಅದು ಬಂದ್ರೆ ನಂಗೆ ಉಸಿರು ಕಟ್ತದೆ. ಆ ಸುದ್ದಿ ಮನೆಗೆ ತರ್ಬ್ಯಾಡ."

ಬೈದದ್ದಲ್ಲ. ಅದೇ ಹೆಚ್ಚು ಚುಚ್ಚಿತು. ಅವನು ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದ. ತಿಮ್ಮಿ ಕಟ್ಟೆಯ ಮೇಲೆ ಕತ್ತಲಾಗುವವರೆಗೆ ಕೂತಿದ್ದಳು. ಹೇಳಬೇಕಾದವನು ಒಬ್ಬನೇ ಇದ್ದ. ಬೇರೆ ಯಾರಿಗೆ ಹೇಳಿದರೂ ಅದು ಬರೇ ತಂತಿಯ ಮಾತಾಗುತ್ತಿತ್ತು.

ಆಮೇಲೆ ಅವಳು ಕಾರ್ಖಾನೆಯಿಂದ ಬಂದರೆ ಮುಂದಿನ ಬಾಗಿಲಿಗೆ ಹೋಗುತ್ತಿರಲಿಲ್ಲ. ತೆಂಗಿನ ಬುಡ ಸುತ್ತಿಕೊಂಡು ಹಿತ್ತಲಿನ ಬಾವಿಗೆ ಹೋಗಿ, ತಲೆಯ ಮೇಲೆ ಕೊಡ ಕೊಡ ನೀರು ಸುರಿದುಕೊಂಡು, ಸೀರೆ ಬದಲಿಸಿ ಒಳಗೆ ಬರುತ್ತಿದ್ದಳು. ಮಾಬ್ಲ ಬಲೆಯಿಂದ ಮುಖ ಎತ್ತದೆ, "ಬಂದ್ಯಾ?" ಎನ್ನುತ್ತಿದ್ದ.

"ಬಂದೆ," ಎನ್ನುತ್ತಿದ್ದಳು ತಿಮ್ಮಿ, ಮತ್ತೆ ಒಲೆಯ ಮುಂದೆ ಕೂರುತ್ತಿದ್ದಳು.